ಕಾಲೇಜು, ಕಂಪನಿ, ಕಚೇರಿ, ನಡುವೆ ನಾನು

ಕಾಲೇಜಿನವರು, ಕಂಪನಿಯವರು, ಸರ್ಕಾರಿ ಕಚೇರಿಯವರು ಈ ಮೂವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ತರಬೇತಿ, ಕೆಲಸ ಸಿಗುವಂತೆ ಮಾಡುವುದು ನನ್ನ ಹೊಟ್ಟೆಪಾಡು. ಸಣ್ಣ ಸಂಸ್ಥೆಯೊಂದರ ನೌಕರಳು ನಾನು. ಕೂಡ್ಲಿಗಿ, ಹರಪನಹಳ್ಳಿ ಅಂತ ಬಸ್ಸಿನಲ್ಲೇ ಅರ್ಧ ಆಯುಷ್ಯ ಕಳೆದಿದೆ. ಮೂರು ದಿಕ್ಕಿನವರು ಸೇರಿದ ಸಭೆ ನೆಟ್ಟಗೆ ಮುಗಿದದ್ದು ಮಾತ್ರ ನನಗೆ ನೆನಪಿಲ್ಲ.

ಮುಗಿದುಹೋದ ಉತ್ತರ

ಹಡಗಲಿಯ ಕಾಲೇಜಿನಲ್ಲಿ ಸಂದರ್ಶನ. ‘ನಿಮ್ಮ ದೌರ್ಬಲ್ಯ ಏನು?’ ಅಂತ ಕೇಳೇ ಕೇಳುತ್ತಾರೆಂದು ಮೇಷ್ಟ್ರು ಇಡೀ ತರಗತಿಗೆ ಒಂದೇ ಉತ್ತರ ಬಾಯಿಪಾಠ ಮಾಡಿಸಿದ್ದರು. ಬಂದವರೆಲ್ಲ, ‘ನಾನು ಮೈಮರೆತು ಕೆಲಸ ಮಾಡ್ತೀನಿ ಸರ್, ಅದೇ ನನ್ನ ದೌರ್ಬಲ್ಯ’ ಅಂದರು. ಕಂಪನಿಯ ಅಧಿಕಾರಿ ಆಕಳಿಸತೊಡಗಿದರು. ಕೊನೆಗೆ ಇಟ್ಟಿಗಿಯ ಹುಡುಗಿಯೊಬ್ಬಳು ಬಂದಳು.

‘ನಿಂದೇನಮ್ಮ ದೌರ್ಬಲ್ಯ?’

‘ನಂದೂ ಅದ ಇತ್ರಿ ಸರ. ಮುಂದ್ಲಾರು ಎಲ್ಲಾ ಖರ್ಚು ಮಾಡಿಬಿಟ್ಟಾರ.’

ಅಧಿಕಾರಿ ನಗು ತಡೆಯಲಾರದೆ ನೀರು ಕುಡಿದರು. ಆ ದಿನ ಮೊದಲು ಆಯ್ಕೆಯಾದವಳು ಅವಳೇ.

ಎಂಥಾ ಹುಡುಗರು ಬೇಕು?

ಹರಪನಹಳ್ಳಿಯಲ್ಲಿ ಗ್ಯಾರೇಜು, ಅಂಗಡಿ, ಮಿಲ್ಲಿನ ಮಾಲೀಕರನ್ನೂ ಐಟಿಐ ಪ್ರಾಚಾರ್ಯರನ್ನೂ ಮುಖಾಮುಖಿ ಕೂರಿಸಿದ್ದೆ.

‘ನಿಮಗೆ ಎಂಥಾ ಹುಡುಗರು ಬೇಕು ಹೇಳ್ರಿ, ಹಂಗೇ ತಯಾರು ಮಾಡ್ತೀವಿ’ ಅಂದರು ಪ್ರಾಚಾರ್ಯರು.

ಮಾಲೀಕರೊಬ್ಬರು ಯೋಚಿಸಿ ಹೇಳಿದರು: ‘ಹೊತ್ತಿಗೆ ಸರಿಯಾಗಿ ಬರಬೇಕು, ಮೊಬೈಲ್ ನೋಡಬಾರ್ದು, ಹೇಳಿದ ಮಾತು ಕೇಳಬೇಕು.’

ಪ್ರಾಚಾರ್ಯರು ಎದ್ದು ಕೈಮುಗಿದರು. ‘ನಿಮಗೆ ಸಿಕ್ಕರೆ ನಮಗೂ ಒಬ್ಬನ್ನ ಕಳಿಸ್ರಿ.’

ಐದು ವರ್ಷದ ಪ್ರಶ್ನೆ

ಕೊಟ್ಟೂರಿನ ಸಂದರ್ಶನದಲ್ಲಿ ಕಂಪನಿಯ ಅಧಿಕಾರಿಯೊಬ್ಬರು ಹುಡುಗಿಯೊಬ್ಬಳನ್ನು ಕೇಳಿದರು: ‘ಐದು ವರ್ಷ ಆದ ಮೇಲೆ ನೀವು ಎಲ್ಲಿರ್ತೀರಿ?’

‘ಅದನ್ನ ನಮ್ಮ ಅಪ್ಪಾಜಿನ್ನ ಕೇಳಬೇಕ್ರಿ. ಹೊರಗ ಕುಂತಾರ, ಕರೀಲೇನ್ರಿ?’

ಬೇಡ ಅನ್ನುವಷ್ಟರಲ್ಲಿ ಅಪ್ಪ ಟವೆಲು ಕೊಡವುತ್ತಾ ಒಳಗೆ ಬಂದು ಕೂತೇಬಿಟ್ಟರು.

‘ಐದು ವರ್ಷದ ಹಿಂದ ನೀವೆಲ್ಲಿದ್ರಿ ಸಾಹೇಬ್ರ?’

‘ಬೇರೆ ಕಂಪನಿಯಲ್ಲಿ.’

‘ಅದಕ್ಕಿಂತ ಮೊದ್ಲು?’

‘ಅದು... ಇನ್ನೊಂದು ಕಂಪನಿ.’

ಅಪ್ಪ ಮಗಳ ಕಡೆ ತಿರುಗಿದರು. ‘ಏಳವ್ವ ಹೋಗೋಣ. ಇವರ ನೌಕರಿನ ಇನ್ನೂ ಖಾತ್ರಿ ಇದ್ದಂಗಿಲ್ಲ.’

ಅವರನ್ನು ಬಾಗಿಲಲ್ಲಿ ಅಡ್ಡಗಟ್ಟಿ, ಒಂದು ಕಪ್ ಚಹಾ ಕುಡಿಸಿ ವಾಪಸ್ ಕೂರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ನೋಡಾಕ ಬಂದೇವಿ

ಗುಡೇಕೋಟೆ ಕಡೆಯ ಒಬ್ಬ ಹುಡುಗಿಗೆ ಹೊಸಪೇಟೆಯ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಅವಳಿಗೆ ಹೋಗುವ ಆಸೆ. ಸಾಕಿದ ಅಜ್ಜಿ ಒಪ್ಪಬೇಕು. ನಾನು, ಅವಳ ಪ್ರಾಚಾರ್ಯರು, ಕಂಪನಿಯ ಎಳೆ ವಯಸ್ಸಿನ ಅಧಿಕಾರಿ ಮೂವರೂ ಜೀಪಿನಲ್ಲಿ ಹೊರಟೆವು.

‘ಕಂಪನಿಯವರು ನೋಡಾಕ ಬರ್ತಾರ’ ಅಂತ ಹುಡುಗಿ ಹೇಳಿದ್ದಳಂತೆ. ಕಿವಿ ಮಂದವಾದ ಅಜ್ಜಿಗೆ ‘ನೋಡಾಕ ಬರ್ತಾರ’ ಅನ್ನುವುದಷ್ಟೇ ಕೇಳಿಸಿತ್ತು. ಅಂಗಳ ಸಾರಿಸಿತ್ತು. ಜಮಖಾನ ಹಾಸಿತ್ತು. ಉಪ್ಪಿಟ್ಟಿನ ಮೇಲೆ ದಂಡಿಯಾಗಿ ಗೋಡಂಬಿ. ಎಂಥಾ ಮರ್ಯಾದೆ ಅಂದುಕೊಂಡು ನಾವೂ ತಿಂದೆವು.

ಅಧಿಕಾರಿ ಕೈತೊಳೆದು, ಅಜ್ಜಿಯ ಕಿವಿಯ ಹತ್ತಿರ ಬಾಗಿ ಜೋರಾಗಿ ಶುರು ಮಾಡಿದರು: ‘ಹುಡುಗಿ ನಮಗೆ ಒಪ್ಪಿಗೆ ಅಜ್ಜಿ. ಊಟ, ವಸತಿ ಎಲ್ಲಾ ನಮ್ಮದೇ.’

ಅಜ್ಜಿಯ ಮುಖ ಅರಳಿತು.

‘ಆರು ತಿಂಗಳು ಇಟ್ಕೊಂಡು ನೋಡ್ತೀವಿ. ಸರಿ ಅನ್ನಿಸಿದರೆ ಖಾಯಂ ಮಾಡ್ಕೊತೀವಿ. ಇಲ್ಲಾಂದ್ರೆ ವಾಪಸ್ ಕಳಿಸ್ತೀವಿ.’

ಅಜ್ಜಿ ಎದ್ದರು. ಬಾಗಿಲ ಹಿಂದಿನ ಕಸಬರಿಗೆ ಕೈಗೆ ಬಂತು. ‘ಏನಂದ್ಯೋ ಭಾಡ್ಯಾ? ವಾಪಸ್ ಕಳಿಸಾಕ ನನ್ನ ಮೊಮ್ಮಗಳು ಬಾಡಿಗಿ ಸೈಕಲ್ಲೇನು?’

ಅಧಿಕಾರಿ ಜೀಪಿನ ಹಿಂದೆ. ಪ್ರಾಚಾರ್ಯರು ಅಧಿಕಾರಿಯ ಹಿಂದೆ. ಅಡುಗೆಮನೆಯಿಂದ ಓಡಿಬಂದ ಹುಡುಗಿ ಅಜ್ಜಿಯ ಕಿವಿಯಲ್ಲಿ, ‘ಲಗ್ನ ಅಲ್ಲಬೇ, ನೌಕರಿ! ನಾ ಹೋಗಬೇಕು!’ ಅಂತ ಊರಿಗೇ ಕೇಳುವಂತೆ ಕೂಗಿದಳು.

ಅಜ್ಜಿ ಕಸಬರಿಗೆ ಇಳಿಸಿ ಮೊಮ್ಮಗಳ ಮುಖವನ್ನೇ ನೋಡಿದರು. ಅದರಲ್ಲಿ ಏನು ಕಂಡಿತೋ, ದನಿ ಮೆತ್ತಗಾಯಿತು. ‘ಆತು, ಹೋಗು. ಆರು ತಿಂಗಳು ನೀನೂ ಇವರನ್ನ ನೋಡು. ಸರಿ ಅನ್ನಿಸಲಿಲ್ಲಂದ್ರ ಬಂದುಬಿಡು.’

ಹುಡುಗಿ ಹೋದಳು, ಖಾಯಂ ಆದಳು. ಸುದ್ದಿ ಹೇಳಲು ಅಜ್ಜಿ ನನಗೇ ಫೋನ್ ಮಾಡಿಸಿದ್ದರು. ಖುಷಿಯಿಂದ ಎಲ್ಲಾ ಮಾತಾಡಿ, ಇಡುವ ಮೊದಲು ದನಿ ತಗ್ಗಿಸಿ ಕೇಳಿದರು:

‘ಅಂದಂಗ ಮೇಡಮ್ಮಾರ, ನನ್ನ ಉಪ್ಪಿಟ್ಟು ತಿಂದು ಓಡಿ ಹೋದನಲ್ಲ ಆ ಸಾಹೇಬ, ಅವಂಗ ಲಗ್ನ ಆಗೈತೇನ್ರಿ?’