ಸಮುದ್ರಕ್ಕೆ ಉಪ್ಪು ಹಾಕಿದ್ದು

‘ಗೊತ್ತಿಲ್ಲ’ ಅನ್ನುವ ಮಾತು ಕೆಲವರ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಅಂದರೆ, ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರೆಲ್ಲ ಓದಿದವರು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಹಾಸನದ ಕಡೆಯಿಂದ ಸೋದರಮಾವನ ಬೇಕರಿಗೆಂದು ವಿಜಯವಾಡಕ್ಕೆ ಬಂದು, ಹಿಟ್ಟು ನಾದಿ ನಾದಿ ಕೊನೆಗೆ ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಸ್ವಂತ ಬೇಕರಿ ಇಟ್ಟ ನನ್ನಂಥವನಿಗೆ ಆ ಸೌಕರ್ಯ ಇಲ್ಲ. ಒಂದು ಸಲ ಗೊತ್ತಿಲ್ಲ ಅಂದರೆ ಸಾಕು, ಜನ “ಪಾಪ, ಓದಿಲ್ಲ” ಅಂದುಬಿಡುತ್ತಾರೆ. ಹಾಗಾಗಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಈ ರೂಢಿಗೆ ಸಿಕ್ಕಿಬಿದ್ದವಳು ಮಗಳು ಸಿರಿ. ವಿಜಯವಾಡದಲ್ಲಿ ಹುಟ್ಟಿ ಕೃಷ್ಣಾ ನದಿಯ ನೀರು ಕುಡಿದವಳು. ಇಲ್ಲಿಗೆ ಬಂದ ಹೊಸದರಲ್ಲಿ ಋಷಿಕೊಂಡದ ಬೀಚಿನಲ್ಲಿ ಸಮುದ್ರದ ನೀರು ನೆಕ್ಕಿ, ಮುಖ ಕಿವುಚಿ, “ಅಪ್ಪಾ, ನದಿ ಎಲ್ಲ ಇಲ್ಲಿಗೇ ಬಂದು ಸೇರುತ್ತೆ ಅಂತೀಯ, ಮತ್ತೆ ಇದ್ಯಾಕೆ ಉಪ್ಪು?” ಅಂದಳು. ನಾನು ತಡಮಾಡಲಿಲ್ಲ. “ಉಪ್ಪು ಹಾಕದ ಹಿಟ್ಟು ಬೇಗ ಹುಳಿ ಬರಲ್ವಾ? ಇಷ್ಟೊಂದು ನೀರು ಫ್ರಿಜ್ಜಿಲ್ಲದೆ ಬಿಸಿಲಲ್ಲಿ ಬಿದ್ದಿದೆ. ಉಪ್ಪು ಇಲ್ದಿದ್ರೆ ಊರೆಲ್ಲ ನಾರೋದು ಕಣೇ.” “ನಿಜಂಗಾನಾ?” ಅಂದಳು, ಅರ್ಧ ತೆಲುಗಾಗಿಹೋದ ಮಗಳು. ಆಗ ಅವಳು ನನ್ನನ್ನು ನೋಡಿದ ನೋಟ ಇದೆಯಲ್ಲ, ಅದರ ಆಸೆಗೆ ನಾನು ಆಕಾಶ, ಚಂದ್ರ, ರಾಜರ ಕಾಲ ಎಲ್ಲವನ್ನೂ ಓವನ್ನಿಗಿಟ್ಟು ಬೇಯಿಸಿಕೊಟ್ಟೆ. ಚಂದ್ರನಿಗೆ ಕಲೆ ಯಾಕೆ? ಬನ್ನು ಒಂದೇ ಕಡೆ ಹೆಚ್ಚು ಕಾದರೆ ಹಾಗೇ ಆಗುತ್ತದೆ.

ಉಪ್ಪಿನ ಉತ್ತರವನ್ನು ಅವಳು ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದಳು. ಕ್ಲಾಸೆಲ್ಲ ನಕ್ಕಿತು. ಟೀಚರು ಮಳೆ, ಬಂಡೆ, ನದಿ ಅಂತ ಸರಿಯಾದದ್ದನ್ನು ಬಿಡಿಸಿ ಹೇಳಿದರಂತೆ. ಮನೆಗೆ ಬಂದವಳು ಜಗಳ ಆಡಲಿಲ್ಲ. ಅವತ್ತಿನಿಂದ ಅಮ್ಮನ ಫೋನನ್ನು ಬಾಯಿಯ ಹತ್ತಿರ ಹಿಡಿದು ತೆಲುಗಿನಲ್ಲಿ ಕೇಳತೊಡಗಿದಳು. ಅದೂ ಬೇಸರವಿಲ್ಲದೆ ತೆಲುಗಿನಲ್ಲೇ ಹೇಳುತ್ತಿತ್ತು. ನನ್ನನ್ನು ಕೇಳುತ್ತಿದ್ದುದು “ಅಪ್ಪಾ, ಚಾರ್ಜರ್ ಎಲ್ಲಿ?” ಅಷ್ಟೇ.

“ಗೊತ್ತಿಲ್ಲ ಅಂದಿದ್ರೆ ಬೇಕರಿ ಮುಚ್ಚಿ ಹೋಗ್ತಿತ್ತೇನ್ರೀ?” ಅಂದಳು ಹೆಂಡತಿ ಕಮಲಾ. “ಮಗು ನಿಮ್ಮನ್ನ ನಂಬಿ ಎದ್ದು ನಿಂತಿತ್ತು.”

ಮಧ್ಯಾಹ್ನ ಹಿಟ್ಟು ಉಬ್ಬಲೆಂದು ಒದ್ದೆ ಬಟ್ಟೆ ಮುಚ್ಚಿಟ್ಟು ಕೂತರೆ, ಗಿರಾಕಿಗಳಿಲ್ಲದ ಆ ಹೊತ್ತಿನಲ್ಲಿ ಸಮುದ್ರದ ಗಾಳಿ ದಾರಿ ತಪ್ಪಿ ಅಂಗಡಿಯೊಳಗೆ ಬರುತ್ತದೆ. ಹಿಟ್ಟಿನ ಜೊತೆ ನನ್ನ ತಲೆಯೂ ಮೆಲ್ಲಗೆ ಉಬ್ಬುತ್ತದೆ. ಲೋಕದಲ್ಲಿ ಮೊದಲ ಬ್ರೆಡ್ಡು ಮಾಡಿದವರು ಯಾರು? ಹಿಟ್ಟು ಕಲಸಿಟ್ಟು ಮರೆತ ಯಾವಳೋ ಹೆಂಗಸಿರಬೇಕು. ಗಂಡ ಬೈದನೋ, ತಿಂದು ನೋಡಿ ಸುಮ್ಮನಾದನೋ? ಇಂಥವನ್ನು ನಾನು ಯಾರನ್ನೂ ಕೇಳಿದವನಲ್ಲ. ಕೇಳಿದರೆ ನನಗೆ ಗೊತ್ತಿಲ್ಲ ಅನ್ನುವುದು ಗೊತ್ತಾಗಿಬಿಡುತ್ತದಲ್ಲ.

ಹೋದ ಭಾನುವಾರ ಸಂಜೆ ಸಿರಿ, ನಾನು ಇಬ್ಬರೇ ಋಷಿಕೊಂಡಕ್ಕೆ ಹೋಗಿದ್ದೆವು. ಅಮ್ಮನ ಫೋನು ಮನೆಯಲ್ಲೇ ಇತ್ತು. ನನ್ನದು ಬಟನ್ ಫೋನು, ಅದೂ ನನ್ನ ಹಾಗೇ ಹೆಚ್ಚು ಓದಿಲ್ಲ. ನೀರು, ಆಕಾಶ ಎರಡೂ ಒಂದೇ ಬೂದುಬಣ್ಣಕ್ಕೆ ತಿರುಗಿ, ನಡುವಿನ ಗೆರೆ ಕರಗಿಹೋಗಿತ್ತು. ಮರಳಲ್ಲಿ ಕಾಲು ಹೂತು ಕೂತಿದ್ದವಳು, “ಅಪ್ಪಾ, ಅಲೆ ಆಗ ಅಲ್ಲೇ ನಿಲ್ತಿತ್ತು. ಈಗ ಯಾಕೆ ಇಲ್ಲೀ ತನಕ ಬರ್ತಿದೆ?” ಅಂದಳು. ನನ್ನ ಬಾಯಲ್ಲಿ ಹಿಟ್ಟು ಉಬ್ಬುವ ಉತ್ತರ ಸಿದ್ಧವಾಗಿತ್ತು. ನುಂಗಿಕೊಂಡೆ. “ಗೊತ್ತಿಲ್ಲ ಕಣಮ್ಮ” ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ನಗಲಿಲ್ಲ. ಹತ್ತಿರ ಸರಿದು ಕೂತು, “ನಂಗೊತ್ತು” ಅಂದಳು. “ನೆಂಟರು ಹೊರಟರೆ ಅಮ್ಮ ಗೇಟಿನ ತನಕ ಹೋಗಿ ಬಿಟ್ಟು ಬರಲ್ವಾ? ಈಗ ಎಲ್ಲರೂ ಮನೆಗೆ ಹೊರಟಿದಾರೆ. ಅದಕ್ಕೇ ಬರ್ತಿದೆ.”

ತಪ್ಪು ಅನ್ನೋಣ ಅಂದರೆ ಸರಿ ಯಾವುದು ಅಂತ ನನಗೆ ಗೊತ್ತಿರಬೇಕಲ್ಲ. “ಹಾಗಿದ್ರೆ ನಾವು ಏಳದೆ ಕೂತ್ರೆ ಏನು ಮಾಡುತ್ತೆ?” ಅಂತ ನಾನೇ ಕೇಳಿದೆ. “ಕೂತು ನೋಡೋಣ” ಅಂದಳು. ಕೂತೆವು.

ಮೈಯೆಲ್ಲ ತೊಯ್ದು ಮನೆಗೆ ಬಂದಾಗ ಕಮಲಾ ಬಾಗಿಲಲ್ಲೇ ತಡೆದು, “ಇಬ್ಬರೂ ಹೀಗೆ ನೆನೆಯೋ ತನಕ ಏನು ಮಾಡ್ತಿದ್ರಿ?” ಅಂದಳು. ಆ ಪ್ರಶ್ನೆಗೆ ನನ್ನ ಹತ್ತಿರ ನಿಜವಾದ ಉತ್ತರವೇ ಇತ್ತು, ಹೇಳಿದೆ. ಅವಳು ನಂಬಲಿಲ್ಲ.