ಅಕ್ಕ ಬೈಯದ ದಿನಗಳು

ಆಳಂದದಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಓಣಿಯೆಲ್ಲ ಎದ್ದು ನಿಲ್ಲುತ್ತದೆ. ಹಾಗಾಗಿ ಇಂಥ ತಮಾಷೆಗಳು ನಡೆಯುತ್ತಲೇ ಇರುತ್ತವೆ. ತೊಂಬತ್ತರ ದಶಕದ ಕೊನೆಗೆ ನಮ್ಮ ಮನೆಯಲ್ಲೂ ನಡೆದವು.

ನನ್ನ ಹೆಂಡತಿ ತೀರಿಕೊಂಡದ್ದು ತಲೆಯೊಳಗಿನ ರಕ್ತನಾಳ ಉಬ್ಬಿ, ಒಡೆದು. ದೊಡ್ಡಾಸ್ಪತ್ರೆ ಮುಟ್ಟಲಾಗಲಿಲ್ಲ. ಆಮೇಲೆ ಮನೆ ನೋಡಿಕೊಳ್ಳಲು ಬಂದವಳು ನಮ್ಮಕ್ಕ. ಮಾಸ್ತರನಾದ ನನ್ನನ್ನು ಶಾಲೆಗೆ ಕಳಿಸುವಾಗಲೂ ಬೈದೇ ಕಳಿಸುವವಳು. ತಲೆನೋವೆಂದು ತೆಗೆಸಿದ ಚಿತ್ರದಲ್ಲಿ ಅವಳ ತಲೆಯಲ್ಲೂ ಅಂಥದೇ ಉಬ್ಬು ಕಂಡಾಗ ಹೈದರಾಬಾದಿಗೆ ಕರೆದುಕೊಂಡು ಓಡಿದೆ. ಅಲ್ಲಿ ತಲೆ ಕೊಯ್ಯಲಿಲ್ಲ. ತೊಡೆಯ ಸಂದಿಯಲ್ಲಿ ಸಣ್ಣ ತೂತು ಮಾಡಿ, ರಕ್ತನಾಳದೊಳಗಿಂದಲೇ ನಳಿಕೆ ಹಾಯಿಸಿ, ಉಬ್ಬಿನೊಳಗೆ ಎಳೆಯಂಥ ತಂತಿಯ ಸುರುಳಿ ತುಂಬಿದರು. ಅಕ್ಕ ನಡೆದುಕೊಂಡೇ ಮನೆಗೆ ಬಂದಳು. ಆದರೆ ಬೈಯುವುದನ್ನು ಬಿಟ್ಟಿದ್ದಳು.

ಗಾಯ ಎಲ್ಲಿ?

ಕರಜಗಿಯಿಂದ ನಮ್ಮ ಕಾಕಾ ಬಸ್ಸು ಬದಲಿಸಿ ಬದಲಿಸಿ ಗಾಯ ನೋಡಲು ಬಂದರು. ಅಕ್ಕನ ತಲೆಯನ್ನು ಹಿಂದೆ ಮುಂದೆ ನೋಡಿದರು.

"ಎಲ್ಲಿ ಕೊಯ್ದಾರ?"

"ತೊಡಿ ಸಂದ್ಯಾಗ ತೂತ ಮಾಡ್ಯಾರ್ರಿ ಕಾಕಾ."

"ಬ್ಯಾನಿ ತಲ್ಯಾಗ, ತೂತ ತೊಡಿಗಿ? ಆಳಂದಕ್ಕ ಬರಾಂವ ಜೇವರ್ಗಿ ಬಸ್ ಹತ್ತಿದಂಗಾತು."

ರಕ್ತನಾಳದ ದಾರಿಯನ್ನು ಪಾಟಿಯ ಮೇಲೆ ಬರೆದು ತೋರಿಸಿದೆ. ಕಾಕಾ ಬಹಳ ಹೊತ್ತು ನೋಡಿ, "ದಾರಿ ಖರೇ ಅದ. ನಡುವ ನಿದ್ದಿ ಹತ್ತಿ ಬ್ಯಾರೆ ಕಡಿ ಇಳದಿದ್ರ?" ಅಂದರು.

ಅಕ್ಕ ಅಷ್ಟು ಕೇಳಿಯೂ ಬೈಯದೆ, "ಚಾ ಕುಡೀರಿ ಕಾಕಾ" ಅಂದಳು.

ಕುಲಾಯಿ

ತಲೆ ಬೋಳಿಸಿಯೇ ಕಳಿಸುತ್ತಾರೆಂದು ಪಕ್ಕದ ಮನೆಯಾಕೆ ಹತ್ತಿ ತುಂಬಿದ, ಕಿವಿ ಮುಚ್ಚುವಂಥ ದೊಡ್ಡ ಕುಲಾಯಿ ಹೊಲಿದಿಟ್ಟಿದ್ದಳು. ಅಕ್ಕನ ತುರುಬು ನೋಡಿ ಅವಳ ಮುಖ ಸಣ್ಣದಾಯಿತು. "ಆದ್ರೂ ಹಾಕ್ಕೋರಿ ಅಕ್ಕಾರ, ಗಾಳಿ ಹೋಗಬಾರ್ದು" ಅಂದಳು. ಹೊರಗೆ ಸುಡು ಬಿಸಿಲು. ಹಿಂದಿನ ಅಕ್ಕನಾಗಿದ್ದರೆ ಅದು ಗೋಡೆಯಾಚೆ ಹೋಗಿ ಬೀಳುತ್ತಿತ್ತು. ಈ ಅಕ್ಕ ಹಾಕಿಕೊಂಡು ಕುಳಿತಳು.

ಆಕೆ ದೂರ ನಿಂತು ನೋಡಿ, "ಬೋಳಿಸಿದ್ರ ಇನ್ನಾ ಛಲೋ ಕೂಡ್ತಿತ್ತು" ಅಂದಳು.

ನನ್ನ ಪರೀಕ್ಷೆ

ನನಗೆ ಹೆದರಿಕೆ ಶುರುವಾಯಿತು. ಅಕ್ಕನ ಜೀವವೇನೋ ಉಳಿಯಿತು, ಅಕ್ಕ ಉಳಿದಳೇ? ನೋಡಿಯೇ ಬಿಡೋಣವೆಂದು ನಾನೇ ಬೇಳೆ ಮಾಡಿದೆ, ಉಪ್ಪು ಹಾಕಲಿಲ್ಲ. ಅಕ್ಕ ಉಂಡು, "ಛಲೋ ಆಗ್ಯಾದ" ಅಂದಳು.

ಮರುದಿನ ಎರಡು ಸಲ ಉಪ್ಪು ಹಾಕಿದೆ.

"ನಿನ್ನೀಕಿಂತ ಛಲೋ ಆಗ್ಯಾದ."

ಗುಣ

ಮತ್ತೆ ತೋರಿಸಲು ಹೈದರಾಬಾದಿಗೆ ಹೋದೆವು. ಡಾಕ್ಟರು ಬೀದರ ಕಡೆಯವರು. ಅಕ್ಕನನ್ನು ನಡೆಸಿದರು, ಕೈ ಹಿಸುಕಿಸಿದರು, ಚಿತ್ರ ತೆಗೆಸಿ ನೋಡಿದರು. ಸುರುಳಿ ಕೂತಲ್ಲೇ ಇತ್ತು, ಉಬ್ಬಿಗೆ ರಕ್ತ ಹೋಗುತ್ತಿರಲಿಲ್ಲ.

"ಎಲ್ಲಾ ಛಲೋ ಅದ. ಮತ್ತೇನರ ತ್ರಾಸ ಅದೇನ್ರಿ?"

"ಅಕ್ಕ ಬೈಯೋದು ಮರ್ತಾಳ್ರಿ" ಅಂದೆ.

ಅಕ್ಕ ನನ್ನ ಕಡೆ ತಿರುಗಿದಳು. "ಯಾಂವ ಮರ್ತಾನ? ಸಿಟ್ಟಿಗೇಳಬ್ಯಾಡ್ರಿ, ದನಿ ಏರಿಸಬ್ಯಾಡ್ರಿ ಅಂತ ಇವರೇ ಹೇಳಿ ಕಳಿಸಿದ್ರು. ತಡಕೊಂಡು ಕುಂತೇನಿ."

ಡಾಕ್ಟರು ನಕ್ಕು, "ಇನ್ನ ಅಡ್ಡಿಯಿಲ್ರಿ" ಅಂದರು.

"ಖರೇನ್ರಿ?"

"ಖರೇ."

ಅಕ್ಕ ಚೀಲದಿಂದ ಕುಲಾಯಿ ತೆಗೆದು ಮೇಜಿನ ಮೇಲಿಟ್ಟಳು. ಅಲ್ಲಿಂದ ಬೈಗಳು ಶುರು. ಕುಲಾಯಿ ಆಯಿತು, ಕಾಕಾ ಆದರು, ಉಪ್ಪಿಲ್ಲದ ಬೇಳೆ, ಉಪ್ಪಿನ ಬೇಳೆ, ಅದಾದ ಮೇಲೆ ತೂತು ಮಾಡುವಾಗ ನೋವಾಗುವುದಿಲ್ಲವೆಂದು ಹೇಳಿದ್ದ ಡಾಕ್ಟರು. ಒಂದನ್ನೂ ಮರೆತಿರಲಿಲ್ಲ, ಒಂದರ ಹಿಂದೆ ಒಂದು ಬಂದವು.

ಗುಲ್ಬರ್ಗಾದಲ್ಲಿ ಆಳಂದದ ಬಸ್ಸು ಹತ್ತಿದರೂ ಮುಗಿದಿರಲಿಲ್ಲ. ನಾನು ಕಿಟಕಿಗೆ ತಲೆ ಆನಿಸಿ ಆರಾಮಾಗಿ ಬೈಸಿಕೊಳ್ಳುತ್ತಿದ್ದೆ. ಮುಂದಿನ ಸೀಟಿನ ಹಿರಿಯರು ತಡೆಯಲಾರದೆ ತಿರುಗಿ, "ಪಾಪ, ಅಕ್ಕಾರ್ನ ಒಮ್ಮಿ ಹೈದರಾಬಾದಿನ ಡಾಕ್ಟರಿಗಿ ತೋರಿಸ್ರಿ" ಅಂದರು.

"ತೋರಿಸಿಕೊಂಡೇ ಹೊಂಟೇವ್ರಿ" ಅಂದೆ. "ಇದು ಗುಣ ಆಗಿದ್ದು."