ಗ್ರೀಕ್ ದುರಂತದ ಇಪ್ಪತ್ತೆರಡು ಹಾಳೆಗಳು

ರಾಯದುರ್ಗದ ಉಪನ್ಯಾಸಕ ಉಮಾಮಹೇಶ್ವರ ತನ್ನ ಭಾಷಣದ ಇಪ್ಪತ್ತೆರಡು ಹಾಳೆಗಳನ್ನು ಬರೆಯಲು ನಿದ್ದೆಗೆಟ್ಟಿದ್ದ; ಅಂಥ ಒಂದು ಅವಕಾಶಕ್ಕೆ ಹನ್ನೊಂದು ವರ್ಷ ಕಾದಿದ್ದ. ಮಡಕಶಿರಾದಲ್ಲಿ ಹೊಸ ಸಂಗೀತ ನಾಟಕದ ಪ್ರದರ್ಶನ. ಅದಕ್ಕೂ ಮೊದಲು ‘ಇಂದಿನ ಸಂಗೀತ ನಾಟಕದಲ್ಲಿ ಗ್ರೀಕ್ ದುರಂತದ ಅಂಶಗಳು’ ಎಂಬ ಅವನ ಉಪನ್ಯಾಸ.

ನಾಟಕ ತಂಡದ ಟೆಂಪೋದಲ್ಲಿ, ಹಗ್ಗ ಬಿಗಿದಿಟ್ಟ, ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ಪಕ್ಕ ಕುಳಿತು, ಹಿಮ್ಮೇಳದ ಹೆಂಗಸರಿಗೆ ಪಾಠ ಹೇಳತೊಡಗಿದ.

“ನೋಡ್ರಿ ಸರ್ವಮಂಗಳಮ್ಮ, ನಮ್ಮ ನಾಟಕದಾಗ ಜೀನ್ಸ್ ಕಾರ್ಖಾನಿ ಯಜಮಾನನ್ನ ಅವನ ಹಮ್ಮs ಕೆಡಸ್ತೈತಿ. ಗ್ರೀಕರದೂ ಹಂಗs. ನಾಯಕ ತನ್ನ ಕೈಯಾರ ತಪ್ಪು ಮಾಡ್ತಾನ, ಅವಂಗ ತಿಳಿಯಂಗಿಲ್ಲ. ಮೇಳಕ್ಕ, ಅಂದ್ರ ನಿಮ್ಮಂಥ ಹಾಡವರಿಗೆ, ಎಲ್ಲಾ ಗೊತ್ತಿರ್ತೈತಿ.”

“ಪಾಪ, ಹೇಳಬಾರದೇನ್ರಿ ಅವಂಗ?”

“ಛೇ! ಮೇಳ ನೋಡಬೇಕು, ಮರುಗಬೇಕು, ಹಾಡಬೇಕು. ನಡುವ ಬಾಯಿ ಹಾಕಿದ್ರ ದುರಂತ ಎಲ್ಲೀದು?”

ಹಿರಿಯ ಗಾಯಕಿ ಸರ್ವಮಂಗಳಮ್ಮ ವಿಧೇಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿದಳು. ಟೆಂಪೋ ಕಲ್ಯಾಣದುರ್ಗ ದಾಟುವಾಗ ಗಾಳಿಗೆ ಅವನ ಕೈಯ ಹಾಳೆಗಳು ಬೆದರಿದ ಕೋಳಿಯಂತೆ ರೆಕ್ಕೆ ಬಡಿದವು. ಉಮಾಮಹೇಶ್ವರನ ರೆಪ್ಪೆಗಳು ಕೂಡಿಕೊಂಡವು.

ಎಚ್ಚರವಾದದ್ದು ಮಡಕಶಿರಾದಲ್ಲಿ. ಕೈ ಖಾಲಿ. ಹಾಳೆಗಳು ಚೀಲದಲ್ಲಿಲ್ಲ, ಸೀಟಿನಡಿಯಲ್ಲೂ ಇಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡು, “ಅಯ್ಯೋ ಪಾಪ,” ಎಂದು ಒಂದೇ ಶ್ರುತಿಯಲ್ಲಿ ನಿಟ್ಟುಸಿರಿಟ್ಟರು.

ಅಷ್ಟರಲ್ಲಿ, ವಾದ್ಯವನ್ನು ಆಗಲೇ ರಂಗಕ್ಕೆ ಒಯ್ದಿದ್ದ ಹಾರ್ಮೋನಿಯಂ ಮಾಸ್ತರ ದೊಡ್ಡಬಸಪ್ಪನ ಕೂಗು: “ಯಪ್ಪಾ, ಇದು ಸ್ವರs ಬಿಡವಲ್ದು!”

ಅವನು ತುಳಿದಂತೆಲ್ಲ ವಾದ್ಯ ಉಬ್ಬಸದ ಎಮ್ಮೆಯಂತೆ ಏದುಸಿರು ಬಿಟ್ಟಿತೇ ಹೊರತು ಸ್ವರ ಹೊರಡಲಿಲ್ಲ.

“ಏನ್ ಸಾ ಇದು? ಜನ ಬಂದು ಕುಂತವ್ರೆ!” ಮಡಕಶಿರಾದ ಸಂಘಟಕ ಓಬಣ್ಣ ಗಡಿಯಾರ ತೋರಿಸಿದ. “ಹಾಳೆ ಇಲ್ದಿದ್ರೆ ಬಾಯಲ್ಲೇ ಹೇಳಿ.”

ಬಾಯಲ್ಲೇ ಹೇಳಲು ಉಮಾಮಹೇಶ್ವರನಿಗೆ ಒಂದು ವಾಕ್ಯವೂ ನೆನಪಿರಲಿಲ್ಲ. ದಣಿದ ತಲೆಗೆ ಹೊಳೆದದ್ದೊಂದೇ: ಹಾಳೆ ಕದ್ದದ್ದು, ವಾದ್ಯ ಕೆಡಿಸಿದ್ದು, ಎರಡೂ ಒಬ್ಬನೇ ವೈರಿಯ ಕೆಲಸ! ಮೈಕ್ ಕಸಿದು ಗುಡುಗಿದ.

“ಇದನ್ನ ಮಾಡಿದವ ಯಾರs ಇರಲಿ, ಗೆಜ್ಜಿ ಕಟ್ಟಿ, ಕಡೀ ಹಾಡಿನ ತನಕ ಮೇಳದಾಗ ಕುಣೀಬೇಕು! ಇದು ನನ್ನ ಆಣಿ!”

ಜನ ಚಪ್ಪಾಳೆ ತಟ್ಟಿದರು. ತನಿಖೆ ಆರಂಭವಾಯಿತು. ಚಾಲಕ ಮುನಿಸಿಕೊಂಡು ಬೀಡಿ ಹಚ್ಚಿದ. ದೊಡ್ಡಬಸಪ್ಪ, “ಮೂವತ್ತು ವರ್ಷ ನುಡಿಸೀನಿ, ನನ್ನ ಮ್ಯಾಲ ಅನುಮಾನ ಏನ್ರಿ?” ಎಂದು ಕಣ್ಣೊರೆಸಿಕೊಂಡ. ಸರ್ವಮಂಗಳಮ್ಮ ಎರಡು ಸಲ ಬಾಯಿ ತೆರೆದು, ಏನನ್ನೋ ನೆನೆದು ಮುಚ್ಚಿಕೊಂಡಳು.

“ಬಿಚ್ರಿ ಅದನ್ನ!” ಎಂದ ಉಮಾಮಹೇಶ್ವರ ತಾನೇ ಹಾರ್ಮೋನಿಯಂನ ಹಿಂಬದಿಯ ಹಲಗೆ ಕಳಚಿದ.

ಗಾಳಿ ತುಂಬುವ ತಿದಿಯ ಮಡಿಕೆಯಿಂದ ಮೊದಲು ಹೊರಬಂದದ್ದು ಹದಿನಾಲ್ಕನೆಯ ಹಾಳೆ. ಅವನದೇ ದುಂಡಗಿನ ಅಕ್ಷರ: ‘ನಾಯಕನ ಪ್ರಮಾದ.’ ಉಳಿದವು ಹಪ್ಪಳದಂತೆ ಚೂರುಚೂರಾಗಿ ಉದುರಿದವು.

“ಹಾಳಿ ಹಾರ್ತಾವಂತ ನಿದ್ದಿಗಣ್ಣಾಗ ನೀವs ಈ ಪೆಟಗಿ ಸಂದ್ಯಾಗ ತುರುಕಿದ್ರಿ ಸರ,” ಎಂದಳು ಸರ್ವಮಂಗಳಮ್ಮ ಮೆಲ್ಲಗೆ.

“ಆವಾಗs ಹೇಳಾಕ ಏನಾಗಿತ್ರಿ ನಿಮಗ?”

“ನಾವು ಮೇಳ ಅಲ್ಲೇನ್ರಿ?”

ಹಾರ್ಮೋನಿಯಂ ಈಗ ಸೊಗಸಾಗಿ ನುಡಿಯತೊಡಗಿತ್ತು. ಸರ್ವಮಂಗಳಮ್ಮ ಒಂದು ಜೊತೆ ಗೆಜ್ಜೆಯನ್ನು ಅವನ ಮುಂದೆ ಹಿಡಿದಳು.

“ನೋಡಿದ್ವಿ, ಮರುಗಿದ್ವಿ. ಇನ್ನ ಹಾಡೋದೊಂದು ಉಳದೈತ್ರಿ. ಕಾಲು ಚಾಚ್ರಿ ಸರ.”